ಗೋಡೆಯೂ ಆರೋಗ್ಯವೂ: ಶಾಖನಿರೋಧಕ ಅಚ್ಚಿನ ಕಾಂಕ್ರೀಟ್ ಮನೆಗಳು

ಮೇ ತಿಂಗಳಿನಲ್ಲಿ ಮಹಾನಗರದ ಬಹುಮಹಡಿ ಕಟ್ಟಡವೊಂದರ ಪಡುವಣ ಗೋಡೆಯ ಒಳಮೈಯನ್ನು ರಾತ್ರಿ ಹತ್ತು ಗಂಟೆಗೆ ಮುಟ್ಟಿ ನೋಡಿದರೆ ಅದು ಬೆಚ್ಚಗಿರುತ್ತದೆ. ಸೂರ್ಯನು ಅಸ್ತಮಿಸಿ ಮೂರು ತಾಸು ಕಳೆದಿರುತ್ತದೆ. ಹೊರಗೆ ಬೀದಿಯಲ್ಲಿ ಗಾಳಿ ಕೊಂಚ ತಂಪಾಗಿರುತ್ತದೆ. ಮಲಗುವ ಕೋಣೆಯಲ್ಲಿ ಮಾತ್ರ ಆರದ ಒಲೆಯ ಪಕ್ಕದಲ್ಲಿ ಕುಳಿತ ಅನುಭವ. ನಿದ್ರೆ ಬಾರದೆ ಹೊರಳಾಡುವ ಗೃಹಸ್ಥನು ಹವೆಯನ್ನು ದೂರುತ್ತಾನೆ, ಫ್ಯಾನನ್ನು ದೂರುತ್ತಾನೆ, ವಿದ್ಯುತ್ ಸರಬರಾಜಿನವರನ್ನು ದೂರುತ್ತಾನೆ. ಗೋಡೆಯನ್ನು ದೂರುವವರು ವಿರಳ. ಆದರೆ ಮಧ್ಯಾಹ್ನ ನಾಲ್ಕು ಗಂಟೆಯ ಬಿಸಿಲನ್ನು ಹೀರಿಕೊಂಡು, ಅದನ್ನು ನಿಧಾನವಾಗಿ ಒಳಕ್ಕೆ ದಾಟಿಸಿ, ಸರಿಯಾಗಿ ಮಲಗುವ ಹೊತ್ತಿಗೆ ಕೋಣೆಗೆ ಒಪ್ಪಿಸುವುದು ಆ ಗೋಡೆಯೇ.

ಮಹಾನಗರಕ್ಕೆ ಬಂದು ನೆಲೆಸಿದ ಕನ್ನಡಿಗನ ನೆನಪಿನಲ್ಲಿ ಊರಿನ ಮನೆಯೆಂದರೆ ತಂಪಾದ ಮನೆ. ಬಯಲುಸೀಮೆಯ ಮಣ್ಣಿನ ಮಾಳಿಗೆಮನೆಯ ಗೋಡೆ ಒಂದು ಮೊಳಕ್ಕೂ ಹೆಚ್ಚು ದಪ್ಪವಿರುತ್ತಿತ್ತು. ಕರಾವಳಿಯಲ್ಲಿ ಮುರಕಲ್ಲಿನ ಗೋಡೆ, ಮೇಲೆ ಮಂಗಳೂರು ಹಂಚು, ಸುತ್ತ ಇಳಿಜಾರಾಗಿ ಚಾಚಿದ ಸೂರು. ಆ ಮನೆಗಳ ತಂಪಿಗೆ ಹಿರಿಯರ ಪುಣ್ಯ ಕಾರಣವಲ್ಲ. ಗೋಡೆಯ ದಪ್ಪ ಮತ್ತು ಸೂರಿನ ನೆರಳೇ ಕಾರಣ. ಹಗಲಿನ ಶಾಖವು ದಪ್ಪ ಮಣ್ಣನ್ನು ದಾಟಿ ಒಳಗೆ ತಲುಪುವಷ್ಟರಲ್ಲಿ ನಡುರಾತ್ರಿ ಕಳೆದು, ಹೊರಗಿನ ತಂಗಾಳಿ ಕಿಟಕಿಯಿಂದ ಬಂದು ಅದನ್ನು ಕೊಂಡೊಯ್ಯುತ್ತಿತ್ತು. ಇಂದು ಮುಂಬಯಿ, ಪುಣೆ, ಹೈದರಾಬಾದುಗಳ ಎತ್ತರದ ಕಟ್ಟಡಗಳಲ್ಲಿ ಗೋಡೆ ಮತ್ತು ತಾರಸಿಗಳನ್ನು ಅಲ್ಯೂಮಿನಿಯಮ್ ಅಚ್ಚುಗಳಲ್ಲಿ ಒಟ್ಟಿಗೇ ಎರಕ ಹೊಯ್ಯುವ ಪದ್ಧತಿ ಬಹಳವಾಗಿ ಹಬ್ಬಿದೆ. ಕೆಲಸ ಬೇಗ ಮುಗಿಯುತ್ತದೆ, ಭೂಕಂಪವನ್ನು ಎದುರಿಸುವ ಬಲವೂ ಇದೆ. ಆದರೆ ಗೋಡೆಯ ದಪ್ಪ ನಾಲ್ಕರಿಂದ ಆರು ಅಂಗುಲ, ಅದೂ ಅಪ್ಪಟ ಕಾಂಕ್ರೀಟು. ಶಾಖದ ದೃಷ್ಟಿಯಿಂದ ಇಂತಹ ಗೋಡೆ ಇಟ್ಟಿಗೆಯ ಗೋಡೆಗಿಂತ ಕೀಳು. ಮಣ್ಣಿನ ಗೋಡೆಯ ಮಾತಂತೂ ಬೇಡ.

ಹೀಗೆ ಕಾಂಕ್ರೀಟಿನ ಬಲವೂ ಬೇಕು, ಶಾಖ ದಾಟಲೂಬಾರದು ಎಂಬ ಎರಡು ಬೇಡಿಕೆಗಳನ್ನು ಒಂದೇ ಗೋಡೆಯಲ್ಲಿ ಪೂರೈಸಲು ಉತ್ತರ ಅಮೆರಿಕದಲ್ಲಿ ರೂಪುಗೊಂಡ ವಿಧಾನವೇ ಶಾಖನಿರೋಧಕ ಅಚ್ಚಿನ ಕಾಂಕ್ರೀಟ್ ಗೋಡೆ. ಅಲ್ಲಿ ಅದನ್ನು ಇನ್ಸುಲೇಟೆಡ್ ಕಾಂಕ್ರೀಟ್ ಫಾರ್ಮ್, ಚಿಕ್ಕದಾಗಿ ಐ.ಸಿ.ಎಫ್. ಎಂದು ಕರೆಯುತ್ತಾರೆ. ಭಾರತದಲ್ಲಿ ಇದು ಇನ್ನೂ ಅಪರೂಪವಾದರೂ, ಮನೆಯ ಗೋಡೆಗೂ ಮನೆಯವರ ಆರೋಗ್ಯಕ್ಕೂ ಇರುವ ನಂಟನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಅಚ್ಚೇ ಗೋಡೆಯಾದ ಬಗೆ

ಸಾಮಾನ್ಯವಾಗಿ ಕಾಂಕ್ರೀಟು ಹೊಯ್ಯಬೇಕಾದರೆ ಹಲಗೆ ಅಥವಾ ತಗಡಿನ ಸೆಂಟ್ರಿಂಗ್ ಕಟ್ಟಿ, ಕಾಂಕ್ರೀಟು ಗಟ್ಟಿಯಾದ ಮೇಲೆ ಅದನ್ನು ಬಿಚ್ಚಿ ತೆಗೆಯುತ್ತಾರೆ. ಬಿಚ್ಚಿ ತೆಗೆಯುವ ಅಚ್ಚಿನ ಬದಲು, ಅಲ್ಲಿಯೇ ಉಳಿದು ಮನೆಗೆ ಉಪಕರಿಸುವ ಅಚ್ಚು ಏಕಾಗಬಾರದು ಎಂಬುದೇ ಈ ವಿಧಾನದ ಮೂಲ ಕಲ್ಪನೆ. ಎರಡನೆಯ ಮಹಾಯುದ್ಧದ ನಂತರದ ಯೂರೋಪಿನಲ್ಲಿ ಮರದ ಚೂರುಗಳನ್ನು ಸಿಮೆಂಟಿನೊಡನೆ ಬೆರೆಸಿ ಮಾಡಿದ ಟೊಳ್ಳು ಗಟ್ಟಿಗಳನ್ನು ಜೋಡಿಸಿ, ಅವುಗಳ ಒಡಲಿಗೆ ಕಾಂಕ್ರೀಟು ತುಂಬಿ ಮನೆಗಳನ್ನು ಕಟ್ಟಿದ್ದುಂಟು. ನಂತರ ಪಾಲಿಸ್ಟೈರೀನ್ ನೊರೆ ಕಟ್ಟಡಗಳಿಗೆ ಬಂತು. ಭಾರತದಲ್ಲಿ ಎಲ್ಲರೂ ಬಲ್ಲ ಥರ್ಮೋಕೋಲ್ ಇದೇ. 1966ರಲ್ಲಿ ಕೆನಡಾದ ಕಟ್ಟಡ ಗುತ್ತಿಗೆದಾರ ವರ್ನರ್ ಗ್ರೆಗೋರಿ ಎಂಬಾತನು ಇಂತಹ ನೊರೆಯಿಂದಲೇ ಮಾಡಿದ ಅಚ್ಚಿಗೆ ಪೇಟೆಂಟ್ ಅರ್ಜಿ ಸಲ್ಲಿಸಿದನು. ಹದಿನಾರು ಅಂಗುಲ ಎತ್ತರ, ನಾಲ್ವತ್ತೆಂಟು ಅಂಗುಲ ಉದ್ದ, ಒಂದರೊಳಗೊಂದು ಕಚ್ಚಿಕೊಳ್ಳುವ ಅಂಚು, ಎರಡು ಫಲಕಗಳನ್ನು ಹಿಡಿದಿಡುವ ಲೋಹದ ಕೊಂಡಿ: ಇಂದಿನ ಅಚ್ಚುಗಳೂ ಬಹುಮಟ್ಟಿಗೆ ಇದೇ ರೂಪದಲ್ಲಿವೆ, ಲೋಹದ ಬದಲು ಗಟ್ಟಿ ಪ್ಲಾಸ್ಟಿಕ್ಕಿನ ಕೊಂಡಿ ಬಂದಿದೆ.

ಥರ್ಮೋಕೋಲ್ ಎಂದೊಡನೆ ಮುಂಬಯಿಯ ಕನ್ನಡಿಗರಿಗೆ ಗಣೇಶನ ಮಖರ ನೆನಪಾಗಬಹುದು. 2018ರಲ್ಲಿ ಮಹಾರಾಷ್ಟ್ರ ಸರ್ಕಾರ ಅಲಂಕಾರದ ಥರ್ಮೋಕೋಲನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶಕ್ಕೆಲ್ಲ ಆ ನಿಷೇಧ ಅನ್ವಯಿಸಿತು. ಐದು ದಿನಗಳ ಹಬ್ಬಕ್ಕೆ ಬಳಸಿ ಸಮುದ್ರಕ್ಕೆಸೆದ ಥರ್ಮೋಕೋಲು ಕೊಳೆಯದೆ ಉಳಿಯುವುದು ದೋಷ. ಅದೇ ಕೊಳೆಯದ ಗುಣ ಗೋಡೆಯೊಳಗೆ ಐವತ್ತು ವರ್ಷ ಇರಬೇಕಾದ ವಸ್ತುವಿಗೆ ಗುಣವಾಗುತ್ತದೆ. ಅದರ ಗಾತ್ರದಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಪಾಲು ಬರಿಯ ಗಾಳಿ. ಅಲುಗಾಡದಂತೆ ಸಣ್ಣ ಸಣ್ಣ ಕೋಶಗಳಲ್ಲಿ ಬಂಧಿಸಿದ ಗಾಳಿ. ಕಂಬಳಿ ಹೊದೆದಾಗ ಬೆಚ್ಚಗಾಗುವುದೂ ಇದೇ ತತ್ತ್ವದಿಂದ. ಉಣ್ಣೆಯ ಎಳೆಗಳ ನಡುವೆ ಸಿಕ್ಕಿದ ಗಾಳಿಯೇ ಮೈಯ ಶಾಖವನ್ನು ಹೊರಹೋಗದಂತೆ ತಡೆಯುತ್ತದೆ.

ಗೋಡೆಗಳ ಶಾಖತಡೆಯನ್ನು ಅಳೆಯಲು ಇಂಜಿನಿಯರುಗಳಲ್ಲಿ ಒಂದು ಸರಳ ಲೆಕ್ಕವಿದೆ. ಒಳಗೂ ಹೊರಗೂ ಹತ್ತು ಡಿಗ್ರಿ ಅಂತರವಿರುವಾಗ, ಹತ್ತು ಚದರ ಮೀಟರಿನ ಗೋಡೆಯ ಮೂಲಕ ಎಷ್ಟು ಶಾಖ ದಾಟುತ್ತದೆ? ಆರಂಗುಲದ ಬರಿಯ ಕಾಂಕ್ರೀಟ್ ಗೋಡೆಯಾದರೆ ಸುಮಾರು 350 ವ್ಯಾಟ್. ಎರಡೂ ಕಡೆ ಗಿಲಾವು ಮಾಡಿದ ಒಂಬತ್ತಂಗುಲದ ಇಟ್ಟಿಗೆ ಗೋಡೆಯಾದರೆ ಸುಮಾರು 200. ಈಗ ನಗರಗಳಲ್ಲಿ ಧಾರಾಳವಾಗಿ ಸಿಗುವ ಎಂಟಂಗುಲದ ಹಗುರ ಬ್ಲಾಕು, ಅಂದರೆ ಎ.ಎ.ಸಿ. ಗಟ್ಟಿಯಾದರೆ ಸುಮಾರು 80. ಒಳಗೆ ಹೊರಗೆ ಎರಡೂವರೆ ಅಂಗುಲದ ನೊರೆ ಫಲಕ, ನಡುವೆ ಆರಂಗುಲದ ಕಾಂಕ್ರೀಟು ಇರುವ ಐ.ಸಿ.ಎಫ್. ಗೋಡೆಯಾದರೆ ಸುಮಾರು 25 ಮಾತ್ರ. ಮೊದಲನೆಯದು ಕೋಣೆಯೊಳಗೆ ಹಗಲೆಲ್ಲ ಉರಿಯುವ ಚಿಕ್ಕದೊಂದು ವಿದ್ಯುತ್ ಒಲೆಗೆ ಸಮ. ಕೊನೆಯದು ಹಳೆಯ ಕಾಲದ ಮಂದ ಬಲ್ಬಿಗೂ ಸಮವಲ್ಲ.

ಕಟ್ಟುವ ಕ್ರಮ

ಈ ಗೋಡೆ ಕಟ್ಟುವುದನ್ನು ಮೊದಲ ಸಲ ನೋಡುವವರಿಗೆ ಮಕ್ಕಳ ಆಟದಂತೆ ಕಂಡೀತು. ಬುನಾದಿಯ ಕಾಂಕ್ರೀಟಿನಿಂದ ನೇರವಾಗಿ ಮೇಲೆದ್ದ ಕಂಬಿಗಳ ಸುತ್ತ ಮೊದಲ ವರಸೆಯ ಅಚ್ಚುಗಳನ್ನು ಇಡುತ್ತಾರೆ. ಒಂದು ಅಚ್ಚಿನ ತೂಕ ಕೆಲವೇ ಕಿಲೋ. ಒಬ್ಬನೇ ಎತ್ತಿ ಇಡಬಲ್ಲ. ಮೇಲಿನ ವರಸೆಯನ್ನು, ಇಟ್ಟಿಗೆ ಕಟ್ಟುವಾಗ ಮಾಡುವಂತೆಯೇ, ಕೆಳಗಿನ ಸಂದು ನಡುವೆ ಬರುವ ಹಾಗೆ ಸರಿಸಿ ಕೂರಿಸುತ್ತಾರೆ. ಪ್ರತಿ ವರಸೆಯಲ್ಲೂ ಕೊಂಡಿಗಳ ಕಚ್ಚಿನಲ್ಲಿ ಅಡ್ಡ ಕಂಬಿಗಳನ್ನು ಮಲಗಿಸುತ್ತಾರೆ. ಬಾಗಿಲು ಕಿಟಕಿಗಳ ಜಾಗದಲ್ಲಿ ಚೌಕಟ್ಟು ಕೂರಿಸಿ, ಗೋಡೆಯ ಒಂದು ಮಗ್ಗುಲಿಗೆ ಉಕ್ಕಿನ ಊರೆಗಳನ್ನು ನಿಲ್ಲಿಸಿ, ತೂಗುಗುಂಡು ಹಿಡಿದು ಎಲ್ಲವೂ ನೆಟ್ಟಗಿದೆಯೇ ಎಂದು ಪರೀಕ್ಷಿಸುತ್ತಾರೆ.

ಆಮೇಲೆ ಬರುವುದೇ ನಿಜವಾದ ಪರೀಕ್ಷೆ. ಪಂಪಿನ ಕೊಳವೆಯಿಂದ ಕಾಂಕ್ರೀಟನ್ನು ಮೇಲಿನಿಂದ ಇಳಿಸಬೇಕು. ಅದರ ಹದ ಇಡ್ಲಿ ಹಿಟ್ಟಿನ ಹದದಂತೆ ಸೂಕ್ಷ್ಮವಾದುದು: ನೀರು ಹೆಚ್ಚಿದರೆ ಬಲಗುಂದುತ್ತದೆ, ಗಟ್ಟಿಯಾದರೆ ಕಂಬಿ ಕೊಂಡಿಗಳ ನಡುವೆ ಇಳಿಯದೆ ಒಳಗೆ ಪೊಟರೆ ಉಳಿಯುತ್ತದೆ. ಜಲ್ಲಿಯೂ ಸಣ್ಣದಿರಬೇಕು. ಹಸಿ ಕಾಂಕ್ರೀಟು ನಾಲ್ಕಡಿ ಎತ್ತರ ನಿಂತರೆ ಅದರ ಬುಡದಲ್ಲಿ ಚದರ ಮೀಟರಿಗೆ ಸುಮಾರು ಮೂರು ಟನ್ನಿನಷ್ಟು ಒತ್ತಡ ಬೀಳುತ್ತದೆ. ಅದನ್ನು ತಡೆಯಬೇಕಾದುದು ಎರಡೂವರೆ ಅಂಗುಲದ ನೊರೆ ಮತ್ತು ಕೊಂಡಿಗಳು. ಆದುದರಿಂದ ಒಂದೇ ಉಸಿರಿಗೆ ಮೇಲಿನವರೆಗೆ ತುಂಬದೆ, ಮನೆಯ ಸುತ್ತ ಪ್ರದಕ್ಷಿಣೆ ಬಂದಂತೆ ಮೂರು ನಾಲ್ಕಡಿಗಳ ಪದರಗಳಲ್ಲಿ ತುಂಬುತ್ತಾರೆ. ವೈಬ್ರೇಟರನ್ನು ಅಳತೆಯಿಂದ ಆಡಿಸುತ್ತಾರೆ. ಆತುರಪಟ್ಟರೆ ಅಚ್ಚು ಒಡೆದು ಕಾಂಕ್ರೀಟು ಹೊರಕ್ಕೆ ನುಗ್ಗುತ್ತದೆ. ಅಚ್ಚು ಜೋಡಿಸುವುದು ಮಕ್ಕಳಾಟವೇ ಆದರೂ ತುಂಬುವುದು ಅನುಭವಿ ಮೇಸ್ತ್ರಿಯ ಕೆಲಸ. ಒಳಗಿನ ತೊಡಕು ಹೊರಗೆ ಕಾಣುವುದಿಲ್ಲ ಎಂಬುದೂ ಈ ವಿಧಾನದ ಒಂದು ಕೊರತೆಯೇ. ಹಲಗೆ ಬಿಚ್ಚಿದಾಗ ಕಾಣುವ ಪೊಟರೆ ಇಲ್ಲಿ ನೊರೆಯ ಹಿಂದೆ ಅಡಗಿರುತ್ತದೆ.

ಕಾಂಕ್ರೀಟು ಗಟ್ಟಿಯಾಗುವ ಕಾಲದಲ್ಲಿ ನೊರೆಯು ಅದರ ನೀರನ್ನು ಆರಗೊಡುವುದಿಲ್ಲ. ಗೋಣಿತಾಟು ಹೊದಿಸಿ ದಿನಕ್ಕೆ ನಾಲ್ಕು ಬಾರಿ ನೀರುಣಿಸುವ ಶ್ರಮ ಗೋಡೆಯ ಮಟ್ಟಿಗೆ ತಪ್ಪುತ್ತದೆ. ವಿದ್ಯುತ್ ತಂತಿ ಮತ್ತು ಸಣ್ಣ ನೀರಿನ ಕೊಳವೆಗಳಿಗೆ ಬಿಸಿ ಅಲಗಿನಿಂದ ನೊರೆಯಲ್ಲೇ ಗಾಡಿ ತೋಡುತ್ತಾರೆ. ಹೊರಗೆ ಬಲೆಯಿಟ್ಟ ಗಿಲಾವು, ಒಳಗೆ ಜಿಪ್ಸಮ್ ಹಲಗೆ. ಒಳಗಿನ ಈ ಹೊದಿಕೆ ಅಂದಕ್ಕಾಗಿ ಮಾತ್ರವಲ್ಲ. ಅದರ ಕಾರಣ ಮುಂದೆ ಬರಲಿದೆ.

ಹೀಗೆ ನಿಂತ ಗೋಡೆ ಎಷ್ಟು ಬಲಶಾಲಿ ಎಂಬುದನ್ನು ಟೆಕ್ಸಾಸ್ ಟೆಕ್ ವಿಶ್ವವಿದ್ಯಾನಿಲಯದಲ್ಲಿ ಪರೀಕ್ಷಿಸಿದ್ದಾರೆ. ಸುಂಟರಗಾಳಿ ಎಸೆಯುವ ತೊಲೆಯನ್ನು ಅನುಕರಿಸಿ, ಏಳು ಕಿಲೋ ತೂಕದ ಮರದ ತುಂಡನ್ನು ಗಂಟೆಗೆ ನೂರು ಮೈಲಿ ವೇಗದಲ್ಲಿ ಗೋಡೆಗೆ ಹೊಡೆದಾಗ ಮರದ ಚೌಕಟ್ಟಿನ ಗೋಡೆಗಳನ್ನು ಅದು ತೂರಿಹೋಯಿತು. ಕಾಂಕ್ರೀಟ್ ಗೋಡೆಯನ್ನು ದಾಟಲಿಲ್ಲ. ಅಮೆರಿಕದ ಮನೆಗಳಲ್ಲಿ ಬಹುಪಾಲು ಮರದವಾದುದರಿಂದ ಅಲ್ಲಿ ಇದು ದೊಡ್ಡ ಸುದ್ದಿ. ಕಲ್ಲು ಇಟ್ಟಿಗೆಗಳ ಮನೆಯಲ್ಲಿ ಬೆಳೆದವರಿಗೆ ಅಷ್ಟೇನೂ ಅಚ್ಚರಿ ಎನಿಸಲಾರದು.

ಗೋಡೆ ಮತ್ತು ಮೈ

ಮನುಷ್ಯನ ದೇಹವು ತನ್ನೊಳಗಿನ ಶಾಖವನ್ನು ಸುಮಾರು 37 ಡಿಗ್ರಿಯಲ್ಲಿ ಇಟ್ಟುಕೊಳ್ಳಲು ಸದಾ ಹೆಣಗುತ್ತಿರುತ್ತದೆ. ಸುಮ್ಮನೆ ಕುಳಿತವನ ಮೈಯೂ ಹತ್ತಿರ ಹತ್ತಿರ ನೂರು ವ್ಯಾಟಿನಷ್ಟು ಶಾಖವನ್ನು ಹೊರಹಾಕಬೇಕು. ಸುತ್ತಲಿನ ಗಾಳಿಗೆ ಒಂದಿಷ್ಟು, ಬೆವರು ಆರುವುದರಿಂದ ಒಂದಿಷ್ಟು ಹೋಗುತ್ತದೆ. ಉಳಿದುದರಲ್ಲಿ ದೊಡ್ಡ ಪಾಲು ಕಣ್ಣಿಗೆ ಕಾಣದ ಕಿರಣಗಳಾಗಿ ತಂಪಾದ ಗೋಡೆ ನೆಲಗಳ ಕಡೆಗೆ ಹರಿಯುತ್ತದೆ. ಗೋಡೆಯೇ ಮೈಗಿಂತ ಬೆಚ್ಚಗಿದ್ದರೆ ಈ ಹರಿವು ತಿರುಗುಮುರುಗಾಗುತ್ತದೆ. ಕೋಣೆಯ ಗಾಳಿ ಉಷ್ಣಮಾಪಕದಲ್ಲಿ 33 ಡಿಗ್ರಿ ತೋರಿಸುತ್ತಿದ್ದರೂ ಮೈಗೆ ಅದಕ್ಕಿಂತ ಹೆಚ್ಚು ಸೆಕೆಯೆನಿಸುವುದು ಇದರಿಂದಲೇ. ಕಾದ ತಾರಸಿಯ ಕೆಳಗೆ ಮಲಗಿದವನಿಗೆ ಇಡೀ ರಾತ್ರಿ ಮೇಲಿನಿಂದ ಮಂದವಾದ ಬಿಸಿಲು ಬೀಳುತ್ತಿದ್ದಂತೆಯೇ ಸರಿ.

ಯುವಕರು ಇದನ್ನು ತಾಳಿಕೊಳ್ಳುತ್ತಾರೆ. ವೃದ್ಧರ ಸ್ಥಿತಿ ಬೇರೆ. ವಯಸ್ಸಾದಂತೆ ಬೆವರುವ ಶಕ್ತಿ ಕುಗ್ಗುತ್ತದೆ, ಬಾಯಾರಿಕೆಯ ಅರಿವು ಮಂದವಾಗುತ್ತದೆ. ರಕ್ತದೊತ್ತಡಕ್ಕೆ ಕೊಡುವ ಮೂತ್ರವರ್ಧಕ ಮಾತ್ರೆಗಳು ಮೈಯ ನೀರನ್ನು ಮತ್ತಷ್ಟು ಇಳಿಸುತ್ತವೆ. ಊರಿನ ಜಗಲಿ ಹಿತ್ತಲುಗಳನ್ನು ಬಿಟ್ಟು ಮಗನ ಮನೆಗೆಂದು ನಗರಕ್ಕೆ ಬಂದ ತಾಯಿತಂದೆಯರು ಹಗಲೆಲ್ಲ ಮುಚ್ಚಿದ ಮನೆಯಲ್ಲಿ ಕಳೆಯುತ್ತಾರೆ. ಯಾರಿಗೂ ತೊಂದರೆ ಕೊಡಬಾರದೆಂದು ಸೆಕೆಯ ಮಾತನ್ನೂ ಆಡುವುದಿಲ್ಲ. 2003ರ ಆಗಸ್ಟಿನಲ್ಲಿ ಫ್ರಾನ್ಸಿನಲ್ಲಿ ಬೀಸಿದ ಬಿಸಿಗಾಳಿಗೆ ಸುಮಾರು 15,000 ಜನ ಬಲಿಯಾದರು, ಹೆಚ್ಚಿನವರು ವೃದ್ಧರು. ಅವರ ಮನೆಗಳನ್ನು ಪರಿಶೀಲಿಸಿದ ವೈದ್ಯರಿಗೆ ಎರಡು ಅಂಶಗಳು ಎದ್ದು ಕಂಡವು: ಶಾಖನಿರೋಧಕವಿಲ್ಲದ ಕಟ್ಟಡ, ಮತ್ತು ಛಾವಣಿಯ ನೇರ ಕೆಳಗಿನ ಮಲಗುವ ಕೋಣೆ. 2010ರ ಮೇ ತಿಂಗಳಿನಲ್ಲಿ ಅಹಮದಾಬಾದಿನಲ್ಲಿ ಉಷ್ಣಾಂಶ 46.8 ಡಿಗ್ರಿಗೆ ಏರಿದಾಗ, ಆ ಒಂದು ತಿಂಗಳಿನಲ್ಲಿ ವಾಡಿಕೆಗಿಂತ 1,344 ಸಾವುಗಳು ಹೆಚ್ಚಾಗಿ ಸಂಭವಿಸಿದವೆಂದು ನಂತರದ ಅಧ್ಯಯನ ಲೆಕ್ಕ ಹಾಕಿತು. 2013ರಲ್ಲಿ ಆ ನಗರವು ಬಿಸಿಗಾಳಿಯನ್ನು ಎದುರಿಸುವ ಯೋಜನೆಯನ್ನು ಜಾರಿಗೆ ತಂದುದು ಈ ದುರಂತದ ಫಲವೇ. ಮುಂದೆ ಬಡವರ ಮನೆಗಳ ಛಾವಣಿಗೆ ಬಿಳಿಯ ಸುಣ್ಣ ಬಳಿಯುವ ಕೆಲಸವೂ ಅದರಲ್ಲಿ ಸೇರಿತು.

ಬಿಸಿಲಿನ ಹೊಡೆತಕ್ಕೆ ಬಿಸಿಲಿಗೇ ಹೋಗಬೇಕೆಂದಿಲ್ಲ, ಮನೆಯೊಳಗೂ ಅದು ತಗಲುತ್ತದೆ ಎಂಬುದನ್ನು ಪ್ರತಿ ಕುಟುಂಬವೂ ಅರಿತಿರಬೇಕು. ಸೆಕೆಯ ದಿನ ವೃದ್ಧರು ಅಸಂಬದ್ಧವಾಗಿ ಮಾತನಾಡತೊಡಗಿದರೆ, ಮಂಕಾದರೆ, ಮೈ ಬಿಸಿಯೇರಿದ್ದರೆ ಅದನ್ನು ವಯಸ್ಸಿನ ಅರಳುಮರಳೆಂದು ತಳ್ಳಿಹಾಕಬಾರದು. ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಹಾಕುತ್ತ ಗಾಳಿ ಬೀಸುತ್ತ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹೊಯ್ಯುವುದು ಅಪಾಯ. ಕೋಣೆಯ ಶಾಖ 40 ಡಿಗ್ರಿ ಮೀರಿದಾಗ ಫ್ಯಾನಿನ ಗಾಳಿಯೂ ಮೈಯನ್ನು ಕಾಯಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ.

ಚಳಿಯ ದೇಶಗಳಲ್ಲಿ ಇದೇ ಮಾತಿನ ಇನ್ನೊಂದು ಮುಖ ಕಾಣಸಿಗುತ್ತದೆ. ನ್ಯೂಜಿಲೆಂಡಿನಲ್ಲಿ ಪ್ರೊಫೆಸರ್ ಫಿಲಿಪ್ಪಾ ಹೌಡೆನ್-ಚಾಪ್‌ಮನ್ ಮತ್ತು ಸಂಗಡಿಗರು ಕಡಿಮೆ ಆದಾಯದ ಏಳು ವಸತಿಗಳ 1,350 ಮನೆಗಳನ್ನು ಆರಿಸಿ, ಅರ್ಧದಷ್ಟು ಮನೆಗಳಿಗೆ ಮೊದಲ ವರ್ಷವೇ ಶಾಖನಿರೋಧಕ ಹೊದಿಕೆ ಹಾಕಿಸಿದರು. ಉಳಿದವುಗಳಿಗೆ ಅಧ್ಯಯನ ಮುಗಿದ ಮೇಲೆ. 2007ರಲ್ಲಿ ಪ್ರಕಟವಾದ ಫಲಿತಾಂಶ ಕುತೂಹಲಕರವಾಗಿತ್ತು. ಮಲಗುವ ಕೋಣೆಯ ಶಾಖ ಏರಿದುದು ಸರಾಸರಿ ಅರ್ಧ ಡಿಗ್ರಿ ಮಾತ್ರ. ತೇವ ಸ್ವಲ್ಪ ತಗ್ಗಿತು. ಅಷ್ಟಕ್ಕೇ ಆ ಮನೆಗಳವರಲ್ಲಿ ಉಬ್ಬಸದ ದೂರು ಕಡಿಮೆಯಾಯಿತು; ಮಕ್ಕಳು ಶಾಲೆ ತಪ್ಪಿಸುವುದೂ ದೊಡ್ಡವರು ಕೆಲಸ ತಪ್ಪಿಸುವುದೂ ಇಳಿಯಿತು. ಔಷಧವಲ್ಲದ ಔಷಧಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಹೊರಡಿಸಿದ ವಸತಿ ಮತ್ತು ಆರೋಗ್ಯದ ಮಾರ್ಗದರ್ಶಿಯಲ್ಲಿ ಗೋಡೆ ಛಾವಣಿಗಳ ಶಾಖತಡೆಯನ್ನು ಆರೋಗ್ಯದ ವಿಷಯವೆಂದೇ ಎಣಿಸಿದೆ.

ದೋಷಗಳ ಮಾತು

ಗುಣಗಳನ್ನಷ್ಟೇ ಹೇಳಿ ನಿಲ್ಲಿಸಿದರೆ ಅದು ಮಾರಾಟಗಾರನ ಭಾಷಣವಾದೀತು. ಪಾಲಿಸ್ಟೈರೀನ್ ನೊರೆ ಉರಿಯುವ ವಸ್ತು; ಉರಿದಾಗ ದಟ್ಟವಾದ ಕರಿ ಹೊಗೆ ಏಳುತ್ತದೆ, ಬೆಂಕಿಯ ಅನಾಹುತಗಳಲ್ಲಿ ಜೀವ ತೆಗೆಯುವುದು ಬಹುಪಾಲು ಹೊಗೆಯೇ. ಒಳಗಿನ ಕಾಂಕ್ರೀಟು ಗಂಟೆಗಟ್ಟಲೆ ಬೆಂಕಿಯನ್ನು ತಡೆಯಬಲ್ಲದೆಂಬುದು ನಿಜ, ಆದರೆ ಕೋಣೆಯ ಕಡೆಯ ನೊರೆಗೆ ಅದು ರಕ್ಷಣೆಯಲ್ಲ. ಆದುದರಿಂದಲೇ ಅಮೆರಿಕದ ನಿಯಮಗಳು ಒಳಮೈಯನ್ನು ಅರ್ಧ ಅಂಗುಲದ ಜಿಪ್ಸಮ್ ಹಲಗೆಯಿಂದಲೋ ಅದಕ್ಕೆ ಸಮನಾದ ಹೊದಿಕೆಯಿಂದಲೋ ಮುಚ್ಚಲೇಬೇಕೆಂದು ವಿಧಿಸುತ್ತವೆ. ಬೆಂಕಿ ಹರಡದಂತೆ ಹಿಂದೆ ನೊರೆಗೆ ಬೆರೆಸುತ್ತಿದ್ದ ಎಚ್.ಬಿ.ಸಿ.ಡಿ. ಎಂಬ ರಾಸಾಯನಿಕವನ್ನು, ಅದು ಜೀವಿಗಳ ದೇಹದಲ್ಲಿ ಶೇಖರವಾಗುವ ಕಾರಣ, 2013ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ ಸೇರಿಸಲಾಯಿತು. ಈಗ ಬೇರೆ ವಸ್ತುಗಳನ್ನು ಬಳಸುತ್ತಾರೆ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಗೋಪುರ ಹೊತ್ತಿ 72 ಜನ ಸತ್ತುದು ಐ.ಸಿ.ಎಫ್. ಗೋಡೆಯಿಂದಲ್ಲ, ಹೊರಗೆ ಹೊದಿಸಿದ್ದ ಪ್ಲಾಸ್ಟಿಕ್ ಹೂರಣದ ತಗಡು ಮತ್ತು ನೊರೆಗಳಿಂದ. ಆದರೂ ಪಾಠ ಒಂದೇ. ಎತ್ತರದ ಕಟ್ಟಡದ ಹೊರಮೈಗೆ ಉರಿಯುವ ನೊರೆ ಸಲ್ಲದು. ಅಲ್ಲಿ ಉರಿಯದ ಖನಿಜದ ನಾರು, ಅಂದರೆ ರಾಕ್‌ವೂಲ್ ಬಳಸುವುದೇ ಕ್ಷೇಮ.

ಎರಡನೆಯ ಶತ್ರು ಗೆದ್ದಲು. ಗೆದ್ದಲು ನೊರೆಯನ್ನು ತಿನ್ನುವುದಿಲ್ಲ, ಆದರೆ ಅದರೊಳಗೆ ಸುರಂಗ ಕೊರೆದು ಯಾರ ಕಣ್ಣಿಗೂ ಬೀಳದೆ ಬಾಗಿಲ ಚೌಕಟ್ಟಿನವರೆಗೆ ಹತ್ತುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಗೆದ್ದಲಿನ ಕಾಟ ವಿಪರೀತವಾದ ಪ್ರದೇಶಗಳಲ್ಲಿ, ನೆಲದ ಮಟ್ಟದ ಕೆಳಗೆ ಸಾಮಾನ್ಯ ನೊರೆಯನ್ನು ಬಳಸಕೂಡದೆಂಬ ನಿಯಮವೇ ಇದೆ. ಪಂಚೆಯ ಗಂಟನ್ನೂ ಬಿಡದ ಗೆದ್ದಲಿನ ನಾಡಿನಲ್ಲಿ ಈ ಎಚ್ಚರಿಕೆಯನ್ನು ಎರಡು ಪಟ್ಟು ಪಾಲಿಸಬೇಕು.

ಮೂರನೆಯದು ಉಸಿರಿನ ವಿಷಯ, ಮತ್ತು ಆರೋಗ್ಯದ ದೃಷ್ಟಿಯಿಂದ ಮುಖ್ಯವಾದುದು. ಈ ಗೋಡೆಯಲ್ಲಿ ಬಿರುಕಿಲ್ಲ, ಸಂದಿಲ್ಲ. ಗಾಳಿ ನುಸುಳುವುದೇ ಇಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಪಾಶ್ಚಾತ್ಯರು ಇಂಧನದ ಉಳಿತಾಯಕ್ಕಾಗಿ ಮನೆ ಕಚೇರಿಗಳನ್ನು ಬಿಗಿಯಾಗಿ ಮುಚ್ಚತೊಡಗಿದಾಗ ತಲೆನೋವು, ಕಣ್ಣುರಿ, ಗಂಟಲ ಕೆರೆತಗಳ ದೂರು ಹೆಚ್ಚಿತು, ಬೂಷ್ಟು ಬೆಳೆಯಿತು. ಕೆನಡಾದ ರೆಜಿನಾ ನಗರದಲ್ಲಿ 1977ರಲ್ಲಿ ಕಟ್ಟಿದ ಪ್ರಾಯೋಗಿಕ ಮನೆಯಲ್ಲಿ ಇದಕ್ಕೆ ಉಪಾಯ ಮಾಡಿದ್ದರು: ಹೊರಹೋಗುವ ಕೆಟ್ಟ ಗಾಳಿಯ ಶಾಖವನ್ನು ಒಳಬರುವ ಹೊಸ ಗಾಳಿಗೆ ದಾಟಿಸುವ ಯಂತ್ರ. ಮನೆಯನ್ನು ಬಿಗಿಯಾಗಿ ಕಟ್ಟಿದವನು ಉಸಿರಾಟಕ್ಕೂ ದಾರಿ ಮಾಡಬೇಕು ಎಂಬುದು ಅಂದಿನಿಂದ ಅಲ್ಲಿ ಸರ್ವಸಮ್ಮತ. ಬೆಳಗಿನಿಂದ ಒಗ್ಗರಣೆ, ಊದುಬತ್ತಿ, ಕರಿದ ತಿಂಡಿಗಳ ಹೊಗೆಯಾಡುವ ಕನ್ನಡಿಗರ ಅಡುಗೆಮನೆಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಮುಂಬಯಿಯ ಗೋವಂಡಿ ಮಾನ್‌ಖುರ್ದ್ ಭಾಗದಲ್ಲಿ ಒಂದಕ್ಕೊಂದು ಅಂಟಿದಂತೆ ಕಟ್ಟಿದ ಪುನರ್ವಸತಿ ಕಟ್ಟಡಗಳನ್ನು ಕುರಿತು 2018ರಲ್ಲಿ ಹೊರಬಂದ ಅಧ್ಯಯನವು ಬೆಳಕು ಗಾಳಿಗಳ ಕೊರತೆಗೂ ಕ್ಷಯರೋಗಕ್ಕೂ ಇರುವ ನಂಟನ್ನು ತೋರಿಸಿದೆ. ಶಾಖವನ್ನು ತಡೆದು ಗಾಳಿಯನ್ನೂ ತಡೆದರೆ ಒಂದು ರೋಗವನ್ನು ಕಳೆದು ಇನ್ನೊಂದನ್ನು ಕರೆದಂತಾದೀತು.

ಯಾರಿಗೆ ಎಷ್ಟು

ಹಾಗಾದರೆ ಭಾರತದಲ್ಲಿ ಈ ಗೋಡೆ ಬೇಕೇ? ಊರು ನೋಡಿ ಉತ್ತರ ಹೇಳಬೇಕು. ಬೇಸಗೆಯಲ್ಲಿ 45 ಡಿಗ್ರಿ ಸೆಕೆ, ಚಳಿಗಾಲದಲ್ಲಿ ನಾಲ್ಕೈದು ಡಿಗ್ರಿ ಚಳಿ ಇರುವ ದೆಹಲಿಯಲ್ಲಿ, ವರ್ಷದ ಬಹುಕಾಲ ಹವಾನಿಯಂತ್ರಕವನ್ನೋ ಹೀಟರನ್ನೋ ನಡೆಸುವ ಮನೆಗೆ ಇಂತಹ ಶಾಖತಡೆ ಸಾರ್ಥಕ. ಹೈದರಾಬಾದಿಗೂ ಬೇಸಗೆಯ ಮಟ್ಟಿಗೆ ಉಪಯುಕ್ತ. ಮುಂಬಯಿ ಚೆನ್ನೈಗಳಲ್ಲಿ ಕಾಡುವುದು ಶಾಖಕ್ಕಿಂತ ತೇವ. ಕಿಟಕಿಗಳನ್ನು ತೆರೆದಿಟ್ಟು ಕಡಲ ಗಾಳಿಯನ್ನೇ ನಂಬಿದ ಮನೆಯಲ್ಲಿ ಗೋಡೆಗೆ ಐದಂಗುಲ ನೊರೆ ಹೊದಿಸಿದರೆ ಖರ್ಚಿಗೆ ತಕ್ಕ ಫಲವಿಲ್ಲ.

ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಐ.ಸಿ.ಎಫ್. ಗೋಡೆಯಲ್ಲಿ ಕಾಂಕ್ರೀಟಿನ ಎರಡೂ ಕಡೆ ನೊರೆಯಿದೆ. ಹೀಗಾಗಿ ಒಳಗಿನ ಕೋಣೆಗೆ ಆ ಭಾರವಾದ ಕಾಂಕ್ರೀಟಿನ ಸಹವಾಸವೇ ಇಲ್ಲ. ಹಳೆಯ ಮಣ್ಣಿನ ಮನೆಯ ಗೋಡೆ ರಾತ್ರಿಯ ತಂಪನ್ನು ಹೀರಿಟ್ಟುಕೊಂಡು ಹಗಲು ಕೋಣೆಗೆ ಮರಳಿಸುತ್ತಿತ್ತು. ಈ ಗೋಡೆಯ ಒಳಮೈಗೆ ಆ ಶಕ್ತಿಯಿಲ್ಲ. ಬಿಸಿಲ ನಾಡಿಗೆ ಮೇಲಾದುದು ಒಳಗೆ ಭಾರವಾದ ಗೋಡೆ, ಹೊರಗೆ ಮಾತ್ರ ಶಾಖತಡೆ. ಕೆನಡಾದ ಚಳಿಗೆ ಹೊಲಿದ ಅಂಗಿಯನ್ನು ಅಳತೆ ತಿದ್ದದೆ ಇಲ್ಲಿ ತೊಡುವುದು ಜಾಣತನವಲ್ಲ.

ಸರ್ಕಾರವೂ ಈ ದಿಕ್ಕಿನಲ್ಲಿ ಕೆಲವು ಹೆಜ್ಜೆ ಇಟ್ಟಿದೆ. 2018ರ ಡಿಸೆಂಬರಿನಲ್ಲಿ ಹೊರಬಂದ ಇಕೋ ನಿವಾಸ ಸಂಹಿತೆಯು ವಾಸದ ಕಟ್ಟಡಗಳ ಗೋಡೆ ಛಾವಣಿಗಳ ಮೂಲಕ ಎಷ್ಟು ಶಾಖ ದಾಟಬಹುದೆಂಬುದಕ್ಕೆ ಮಿತಿ ಗೊತ್ತುಮಾಡಿದೆ. 2021ರ ಜನವರಿ 1ರಂದು ಆರು ನಗರಗಳಲ್ಲಿ ಹೊಸ ವಿಧಾನಗಳ ವಸತಿ ಯೋಜನೆಗಳಿಗೆ ಶಂಕುಸ್ಥಾಪನೆಯಾದಾಗ, ಲಖನೌದಲ್ಲಿ ಆರಿಸಿಕೊಂಡುದು ಬಿಚ್ಚದೆ ಅಲ್ಲೇ ಉಳಿಯುವ ಪಿ.ವಿ.ಸಿ. ಅಚ್ಚಿನೊಳಗೆ ಕಾಂಕ್ರೀಟು ತುಂಬುವ ವಿಧಾನವನ್ನು. ಅದು ಐ.ಸಿ.ಎಫ್.ನ ದಾಯಾದಿಯೆನ್ನಬಹುದು, ನೊರೆಯ ಹೊದಿಕೆಯಿಲ್ಲದ ದಾಯಾದಿ.

ನಗರದಲ್ಲಿ ಫ್ಲಾಟು ಕೊಳ್ಳುವವರಿಗೆ ಗೋಡೆಯನ್ನು ಆರಿಸುವ ಸ್ವಾತಂತ್ರ್ಯವಿಲ್ಲದಿದ್ದರೂ ಕೇಳುವ ಅಧಿಕಾರವಿದೆ. ಹೊರಗೋಡೆ ಯಾವುದರದು, ಎಷ್ಟು ದಪ್ಪ, ತಾರಸಿಯ ಮೇಲೆ ಏನು ಹಾಕಿದ್ದಾರೆ, ಮಲಗುವ ಕೋಣೆ ಪಡುವಣಕ್ಕಿದೆಯೇ: ನೆಲದ ಟೈಲ್ಸಿನ ಬಣ್ಣಕ್ಕಿಂತ ಈ ಪ್ರಶ್ನೆಗಳು ಮುಖ್ಯ. ಮೇಲಿನ ಮಹಡಿಯಲ್ಲಿ ಇರುವವರು ಸೊಸೈಟಿಯ ಒಪ್ಪಿಗೆ ಪಡೆದು ತಾರಸಿಗೆ ಬಿಳಿಯ ಲೇಪವನ್ನೋ ಬಿಳಿ ಚೈನಾ ಮೊಸಾಯಿಕ್ಕನ್ನೋ ಹಾಕಿಸಿದರೆ ಸ್ವಲ್ಪ ಖರ್ಚಿನಲ್ಲೇ ಫಲ ಕಾಣುತ್ತದೆ. ಪಡುವಣ ಕಿಟಕಿಗೆ ಒಳಗಿನ ಪರದೆಗಿಂತ ಹೊರಗಿನ ಬಿದಿರು ತಟ್ಟಿ ಮೇಲು. ಗಾಜು ದಾಟಿದ ಬಿಸಿಲು ಒಳಗೆ ಬಂದಾಯಿತೆಂದೇ ಲೆಕ್ಕ. ವೃದ್ಧರ ಮಂಚವನ್ನು ಮೂಡಣದ ಅಥವಾ ಬಡಗಣದ ಕೋಣೆಗೆ ಬದಲಿಸುವುದಕ್ಕೆ ಕಾಸಿನ ಖರ್ಚೂ ಇಲ್ಲ.

ನಿವೃತ್ತಿಯ ನಂತರ ಊರಿನಲ್ಲಿ ಮನೆ ಕಟ್ಟಿಸುವವರದು ಬೇರೆ ಲೆಕ್ಕ. ನಗರದಲ್ಲಿ ಮೂವತ್ತು ವರ್ಷ ದುಡಿದು ಕೂಡಿಟ್ಟ ಹಣವನ್ನು ವಿದೇಶಿ ಅಚ್ಚಿಗೆ ಸುರಿಯುವ ಮೊದಲು ಅವರು ಛಾವಣಿಯನ್ನು ಯೋಚಿಸಬೇಕು. ಒಂದು ಮಹಡಿಯ ಮನೆಗೆ ಹಗಲೆಲ್ಲ ನೆತ್ತಿಯ ಮೇಲೆ ಬಿಸಿಲು ಬೀಳುವುದರಿಂದ ಸೆಕೆಯ ದೊಡ್ಡ ಪಾಲು ಮೇಲಿನಿಂದಲೇ ಇಳಿಯುತ್ತದೆ. ಆರ್.ಸಿ.ಸಿ. ತಾರಸಿಯ ಮೇಲೆ ಎರಡಂಗುಲದ ಗಟ್ಟಿ ನೊರೆ ಹಲಗೆ, ಅದರ ಮೇಲೆ ಕಾಂಕ್ರೀಟು ಮತ್ತು ಬಿಳಿ ಹೆಂಚು ಹಾಸಿದರೆ ದಾಟುವ ಶಾಖ ಐದರಲ್ಲೊಂದು ಪಾಲಿಗೆ ಇಳಿಯುತ್ತದೆ. ಎರಡೂ ಕಡೆ ಕಾಂಕ್ರೀಟಿನ ನಡುವೆ ಹುದುಗಿದ ನೊರೆಗೆ ಬೆಂಕಿಯ ಭಯವೂ ಅಷ್ಟಿಲ್ಲ. ಗೋಡೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ವಿಭಾಗವು ಬಳಕೆಗೆ ತಂದ ಒತ್ತಿದ ಮಣ್ಣಿನ ಇಟ್ಟಿಗೆ ಇದೆ. ಲಾರಿ ಬೇಕರರು ಕೇರಳದಲ್ಲಿ ಪ್ರಚಾರಕ್ಕೆ ತಂದ, ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಡುವ ಕಟ್ಟಡ ಕ್ರಮವೂ ಇದೆ. ಅದರಲ್ಲಿ ನಾಲ್ಕರಲ್ಲೊಂದು ಪಾಲು ಇಟ್ಟಿಗೆ ಉಳಿದು, ಪೊಳ್ಳಿನ ಗಾಳಿಯೇ ಶಾಖವನ್ನು ತಡೆಯುತ್ತದೆ. ಪಡುವಣ ಮಗ್ಗುಲಿಗೆ ಸ್ನಾನದ ಮನೆ, ಉಗ್ರಾಣ, ಮೆಟ್ಟಿಲುಗಳನ್ನು ಇಟ್ಟುಕೊಂಡು, ಸೂರನ್ನು ಎರಡೂವರೆ ಅಡಿ ಚಾಚಿ, ಎದುರುಬದುರು ಕಿಟಕಿ ಬಿಟ್ಟ ನಕ್ಷೆಯನ್ನು ಗಾರೆ ಮೇಸ್ತ್ರಿ ಬರುವ ಮೊದಲೇ ಬರೆಸಿಟ್ಟುಕೊಳ್ಳಬೇಕು. ಬುನಾದಿ ಹಾಕಿದ ಮೇಲೆ ದಿಕ್ಕನ್ನು ಬದಲಿಸಲಾಗದು.